ತಂತ್ರಾಂಶದ ಮೇದೋವೃದ್ಧಿ

ಗಣಕಯಂತ್ರವೆಂದೊಡನೆ ಮೇಜಿನ ಮೇಲಿನ ಪೆಟ್ಟಿಗೆ, ಇಲ್ಲವೆ ಅಂಗೈಯೊಳಗಿನ ಮೋಬೈಲು, ಇವೆರಡೇ ನಮ್ಮ ಜನರ ಕಣ್ಣ ಮುಂದೆ ಬಂದು ನಿಲ್ಲುವವು. ಆದರೆ ಬೇರೆ ಬೇರೆ ಸಲಕರಣೆಗಳ ಹೊಟ್ಟೆಯೊಳಗೆ ಅಡಗಿ ಕುಳಿತು, ಹೆಸರಿಲ್ಲದೆ ದುಡಿಯುವ ಗಣಕಗಳು ಇವುಗಳಿಗಿಂತ ಎಷ್ಟೋ ಪಾಲು ಹೆಚ್ಚಾಗಿರುವವು. ಹಾಲಿನ ಡೇರಿಯಲ್ಲಿ ಕೊಬ್ಬಿನಂಶವನ್ನು ಅಳೆದು ಹೇಳುವ ಯಂತ್ರ, ಕಬ್ಬಿನ ಗಾಡಿಯನ್ನು ತೂಗುವ ಕಾಟಾ, ಗೋಡೆಯ ಮೇಲಿನ ವಿದ್ಯುತ್ ಮೀಟರು, ನದಿಯ ದಂಡೆಯ ಮೋಟರಿಗೆ ಕೂಡ್ರಿಸಿದ ಸ್ಟಾರ್ಟರು, ಇವೆಲ್ಲವುಗಳ ಒಳಗೆ ಒಂದೊಂದು ಪುಟ್ಟ ಗಣಕವು ಇರುವದು. ಇವುಗಳಿಗೆ ಅಂತರ್ಗತ ಗಣಕಗಳೆಂದು ಹೆಸರಿಡೋಣ. ಗಣಕದ ಶರೀರಕ್ಕೆ ಯಂತ್ರಾಂಶವೆಂದೂ, ಆ ಶರೀರವನ್ನು ನಡೆಯಿಸುವ ಬರೆವಣಿಗೆಗೆ ತಂತ್ರಾಂಶವೆಂದೂ ಕನ್ನಡದಲ್ಲಿ ಈಗ ರೂಢಿಯಾಗಿದೆ. ಯಂತ್ರಾಂಶವು ಕಳೆದ ನಾಲ್ವತ್ತು ವರುಷಗಳಲ್ಲಿ ಗಳಿಸಿದ ಬಲವನ್ನೆಲ್ಲ ತಂತ್ರಾಂಶವು ಕುಳಿತಲ್ಲಿಯೇ ತಿಂದು ಕೊಬ್ಬುತ್ತಲಿದೆ. ಆ ಕೊಬ್ಬಿನ ವೆಚ್ಚವನ್ನು ನಮ್ಮ ರೈತನೂ ನಮ್ಮ ಗೃಹಸ್ಥನೂ ತೆರುತ್ತಲಿದ್ದಾರೆ. ಇದೇ ನಮ್ಮ ಆಕ್ಷೇಪವು.

ಸಾಹಿತ್ಯ ಸಂಘದ ಮಾಸಪತ್ರಿಕೆಯಲ್ಲಿ ಇಂಥ ವಿಷಯಕ್ಕೇನು ಕೆಲಸವೆಂದು ಕೆಲವು ವಾಚಕರು ಹುಬ್ಬೇರಿಸಬಹುದು. ತಂತ್ರಾಂಶವೂ ಒಂದು ಗ್ರಂಥವೇ ಎಂಬುದನ್ನು ಅವರು ಲಕ್ಷ್ಯಕ್ಕೆ ತಂದುಕೊಳ್ಳಬೇಕು. ಅದಕ್ಕೆ ಭಾಷೆಯುಂಟು, ವ್ಯಾಕರಣವುಂಟು, ಕರ್ತೃವುಂಟು. ಓದುವಾತನು ಮಾತ್ರ ಮನುಷ್ಯನಲ್ಲದೆ ಯಂತ್ರವಾಗಿದ್ದಾನೆ. ಪುನರುಕ್ತಿಯೂ ವ್ಯರ್ಥಪದವೂ ಕಾವ್ಯದಲ್ಲಿ ದೋಷಗಳಾದರೆ ಈ ಗ್ರಂಥದಲ್ಲಿ ಗುಣಗಳಾಗುವದು ಹೇಗೆ? ಪಾಣಿನಿಯ ಅಷ್ಟಾಧ್ಯಾಯಿಯನ್ನು ನೋಡಿರಿ. ಹದಿನಾಲ್ಕು ಮಾಹೇಶ್ವರ ಸೂತ್ರಗಳಲ್ಲಿ ವರ್ಣಗಳನ್ನು ಒಂದು ಯುಕ್ತಿಯಿಂದ ಹೊಂದಿಸಿಟ್ಟುದರಿಂದ, ಮುಂದೆ ‘ಅಚ್’ ಎಂದರೆ ಸ್ವರಗಳೆಲ್ಲವೂ ‘ಹಲ್’ ಎಂದರೆ ವ್ಯಂಜನಗಳೆಲ್ಲವೂ ಬಂದಂತಾಯಿತು. ಒಂದು ಸೂತ್ರದಲ್ಲಿ ಒಮ್ಮೆ ಹೇಳಿದ ಪದವು ಅನುವೃತ್ತಿಯಿಂದ ಮುಂದಿನ ಸೂತ್ರಗಳಿಗೆ ತಾನಾಗಿಯೇ ಇಳಿದು ಬರುವದು. ಎರಡನೆಯ ಸಾರೆ ಉಚ್ಚರಿಸುವ ಕಾರಣವಿಲ್ಲ. ಅಪಾರವಾದ ಒಂದು ಭಾಷೆಯು ಹೀಗೆ ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಅಡಗಿತು. ಅರ್ಧ ಮಾತ್ರೆ ಉಳಿದರೂ ವೈಯಾಕರಣನ ಮನೆಯಲ್ಲಿ ಹಬ್ಬವೆಂದು ಜನರು ನಗುವದುಂಟು. ಆದರೆ ಆ ಗ್ರಂಥವನ್ನು ಹೊರಬೇಕಾದದ್ದು ವಿದ್ಯಾರ್ಥಿಯ ಸ್ಮೃತಿಯಾಗಿತ್ತು. ಸ್ಮೃತಿಗೆ ಮಿತಿಯುಂಟೆಂದು ಬಲ್ಲವನು ಲಾಘವವನ್ನು ಕಲಿತನು. ಇಂದಿನ ತಂತ್ರಾಂಶಕಾರನಿಗೆ ಸ್ಮೃತಿಯು ಅಗ್ಗವಾಗಿ ಸಿಕ್ಕಿತು. ಅವನು ಲಾಘವವನ್ನು ಮರೆತನು.

ಎಷ್ಟು ಅಗ್ಗವಾಯಿತೆಂಬುದನ್ನು ಅಂಕಿಗಳಿಂದಲೇ ನೋಡೋಣ. ಒಂದು ಚಿಪ್ಪಿನ ಮೇಲೆ ಹಿಡಿಯುವ ಘಟಕಗಳ ಸಂಖ್ಯೆಯು ವರುಷಕ್ಕೊಮ್ಮೆ ಇಮ್ಮಡಿಯಾಗುತ್ತ ನಡೆದಿದೆಯೆಂದು ಅಮೇರಿಕದ ಗಾರ್ಡನ್ ಮೂರ್ ೧೯೬೫ರಲ್ಲಿ ಬರೆದರು. ೧೯೭೫ರಲ್ಲಿ ಆ ಅವಧಿಯನ್ನು ಎರಡು ವರುಷವೆಂದು ತಿದ್ದಿದರು. ೧೯೮೦ರಲ್ಲಿ ಇಂಟೆಲ್ ಕಂಪನಿಯವರು ಹೊರತಂದ ೮೦೫೧ ಎಂಬ ಚಿಪ್ಪಿನಲ್ಲಿ ಬರೆವಣಿಗೆಗೆ ೪ ಕಿಲೋಬೈಟು ಸ್ಥಳ, ಕೆಲಸ ಮಾಡುವಾಗ ಲೆಕ್ಕ ಗೀಚಿಕೊಳ್ಳುವ ಪಾಟಿಯಾಗಿ ೧೨೮ ಬೈಟು ಸ್ಥಳ, ಇಷ್ಟೇ ಇದ್ದವು. ೧೨೮ ಬೈಟೆಂದರೆ ಇಂಗ್ಲಿಷಿನ ಎರಡು ಸಾಲು. ಇಷ್ಟರಲ್ಲಿಯೇ ತಕ್ಕಡಿ ತೂಗಿತು, ಮೀಟರು ಎಣಿಸಿತು, ಲಿಫ್ಟು ಏರಿಳಿಯಿತು. ೧೯೯೮ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬಹುಕಾಲ ಈ ೮೦೫೧ನ್ನೇ ಕಲಿತು ಹೊರಬಿದ್ದರು. ಇನ್ನು ೨೦೧೬ರಲ್ಲಿ ಬಂದ, ಇಂದು ಅಗ್ಗದ ಸಲಕರಣೆಗಳಲ್ಲಿ ಎಲ್ಲೆಲ್ಲಿಯೂ ಕಾಣುವ ಇಎಸ್‌ಪಿ-೩೨ ಎಂಬ ಚಿಪ್ಪಿನ ಪಾಟಿಯು ೫೨೦ ಕಿಲೋಬೈಟು. ಎಂದರೆ ಮೊದಲಿನದರ ನಾಲ್ಕು ಸಾವಿರ ಪಟ್ಟಿಗಿಂತ ಹೆಚ್ಚು. ವೇಗವೂ ನೂರಾರು ಪಟ್ಟು. ಬೆಲೆಯೋ, ಒಂದು ಊಟದ ಬೆಲೆಯ ಆಸುಪಾಸು. ಇಂಥ ಸಂಪತ್ತು ಮನುಷ್ಯನ ಬೇರಾವ ಕಸುಬಿನಲ್ಲಿಯೂ ಇಷ್ಟು ಬೇಗ ಬಂದುದಿಲ್ಲ. ಇದರ ತಕ್ಕಷ್ಟು ಫಲವು ಬಳಸುವವನ ಕೈಗೆ ಬಂದಿತೇ?

ಬರಲಿಲ್ಲವೆಂಬುದನ್ನು ನಾವು ಮೊದಲು ಹೇಳುತ್ತಿಲ್ಲ. ಪಾಸ್ಕಲ್ ಎಂಬ ಗಣಕಭಾಷೆಯನ್ನು ನಿರ್ಮಿಸಿದ ಸ್ವಿಟ್ಝರ್ಲಂಡದ ಪಂಡಿತ ನಿಕ್ಲಾಸ್ ವಿರ್ಥ್ ಅವರು ೧೯೯೫ರಲ್ಲಿ ಕೃಶ ತಂತ್ರಾಂಶದ ಪರವಾಗಿ ಒಂದು ಲೇಖನವನ್ನು ಬರೆದು, ಯಂತ್ರಾಂಶವು ವೇಗವನ್ನು ಪಡೆಯುವದಕ್ಕಿಂತ ಹೆಚ್ಚಿನ ತ್ವರೆಯಿಂದ ತಂತ್ರಾಂಶವು ಜಡವಾಗುತ್ತಲಿದೆಯೆಂದು ಸಾರಿದರು. ಈ ಮಾತನ್ನು ತಮ್ಮ ಸಹೋದ್ಯೋಗಿ ಮಾರ್ಟಿನ್ ರೈಸರ್ ಅವರಿಂದ ಪಡೆದೆನೆಂದು ಅವರು ಪ್ರಾಮಾಣಿಕವಾಗಿ ಹೇಳಿದ್ದರೂ ಲೋಕವು ಅದನ್ನು ವಿರ್ಥ್ ನಿಯಮವೆಂದೇ ಕರೆಯಿತು. ಅವರು ಬರಿದೆ ದೂರಿ ಸುಮ್ಮನಾಗಲಿಲ್ಲ. ಯುರ್ಗ್ ಗುಟ್‌ಕ್ನೆಖ್ಟ್ ಅವರೊಡಗೂಡಿ ಓಬೆರಾನ್ ಎಂಬ ಇಡಿಯ ಒಂದು ಗಣಕವ್ಯವಸ್ಥೆಯನ್ನು ಚಿಕ್ಕದಾಗಿ ಕಟ್ಟಿ ತೋರಿಸಿದರು. ೨೦೨೪ರ ಜನವರಿ ೧ರಂದು ಅವರು ತೀರಿಕೊಂಡರು. ಅವರ ಮಾತು ಆಗ ಮೇಜಿನ ಗಣಕಗಳ ವಿಷಯದಲ್ಲಿತ್ತು. ಈಗ ಆ ವ್ಯಾಧಿಯು ಅಂತರ್ಗತ ಗಣಕಗಳಿಗೂ ಹಬ್ಬಿದೆ. ಮೇಜಿನ ಗಣಕವು ಮಂದವಾದರೆ ಗುಮಾಸ್ತನು ಆಕಳಿಸಿಯಾನು. ನದಿಯ ದಂಡೆಯ ಗಣಕವು ಕೆಟ್ಟರೆ ಬೆಳೆ ಒಣಗುವದು.

ಆ ದಂಡೆಯ ಮಾತನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುವೆವು. ರಾಯಬಾಗ, ಅಥಣಿ, ಕಾಗವಾಡಗಳಿಗೆ ಕೃಷ್ಣೆ. ಚಿಕ್ಕೋಡಿ, ನಿಪ್ಪಾಣಿಗಳಿಗೆ ದೂಧಗಂಗೆ, ವೇದಗಂಗೆ. ಮೋಟರು ನದಿಯಲ್ಲಿ, ಹೊಲವು ಮೈಲು ಎರಡು ಮೈಲು ಆಚೆಗೆ, ನಡುವೆ ನೆಲದೊಳಗಿನ ಪೈಪು. ತ್ರೀಫೇಸ್ ವಿದ್ಯುತ್ತು ಬರುವದು ಕೆಲವೇ ತಾಸು, ಅದೂ ಅನೇಕ ಸಾರೆ ನಡುರಾತ್ರಿಯಲ್ಲಿ. ಮುಳ್ಳು, ಹಾವು, ಕೆಸರು ದಾಟಿ ಕತ್ತಲೆಯಲ್ಲಿ ಮೋಟರು ಚಾಲು ಮಾಡಲು ಹೋದವರ ಸಂಕಟವನ್ನು ಈ ಐದು ತಾಲೂಕುಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೋಬೈಲ್ ಸ್ಟಾರ್ಟರೆಂಬ ಪೆಟ್ಟಿಗೆಯು ಬಂದು ಈ ಸಂಕಟವನ್ನು ಬಹು ಮಟ್ಟಿಗೆ ನೀಗಿಸಿತು. ಅದರ ಯುಕ್ತಿಯು ನೋಡತಕ್ಕದ್ದು. ಪೆಟ್ಟಿಗೆಯಲ್ಲೊಂದು ಸಿಮ್ ಕಾರ್ಡು. ರೈತನು ಮನೆಯಿಂದ ಅದಕ್ಕೆ ಕರೆ ಮಾಡುವನು. ಪೆಟ್ಟಿಗೆ ತಾನೇ ಕರೆಯನ್ನೆತ್ತುವದು. ಒಂದು ಅಂಕಿಯನ್ನೊತ್ತಿದರೆ ಮೋಟರು ಚಾಲು, ಇನ್ನೊಂದನ್ನೊತ್ತಿದರೆ ಬಂದ್. ಫೋನಿನ ಪ್ರತಿಯೊಂದು ಅಂಕಿಗೂ ಎರಡೆರಡು ಸ್ವರಗಳುಂಟು: ಒಂದು ಮಂದ್ರದ ಗುಂಪಿನಿಂದ, ಒಂದು ತಾರದ ಗುಂಪಿನಿಂದ. ‘೧’ ಒತ್ತಿದರೆ ಸೆಕೆಂಡಿಗೆ ೬೯೭ ಕಂಪನಗಳ ಸ್ವರವೂ ೧೨೦೯ ಕಂಪನಗಳ ಸ್ವರವೂ ಕೂಡಿಯೇ ನುಡಿಯುವವು. ಎರಡು ಸ್ವರಗಳು ಜೊತೆಯಾಗಿ ಬಂದಾಗಲೇ ಅಂಕಿಯೆಂದೆಣಿಸುವದರಿಂದ, ಮಾತಿನ ಸಪ್ಪಳವನ್ನೂ ನಾಯಿಯ ಬೊಗಳನ್ನೂ ಯಂತ್ರವು ಅಂಕಿಯೆಂದು ಭ್ರಮಿಸುವದು ಬಲು ವಿರಳ. ಪೇಟಿಯ ಸ್ವರಗಳನ್ನು ಬಲ್ಲ ನಮ್ಮ ಕಡೆಯವರಿಗೆ ಈ ಯುಕ್ತಿಯ ಸೊಗಸು ಕೂಡಲೇ ಹೊಳೆದೀತು. ಸ್ವರಗಳನ್ನು ಗುರುತಿಸುವ ಒಂದು ಚಿಪ್, ಮೂರೂ ಫೇಸುಗಳು ಬಂದಿವೆಯೇ ಎಂದು ನೋಡಿ ರಿಲೇಯನ್ನು ಒತ್ತುವ ಒಂದು ಪುಟ್ಟ ಗಣಕ, ಕೆಲವು ಕಿಲೋಬೈಟಿನ ಬರೆವಣಿಗೆ; ಇಷ್ಟರಲ್ಲಿ ಕೆಲಸವು ಮುಗಿಯಿತು. ಫೋನು ಎಷ್ಟು ಹಳೆಯದಾದರೂ ಅಡ್ಡಿಯಿಲ್ಲ. ಅಂಕಿಗಳ ಗುಂಡಿಯಿದ್ದರೆ ಸಾಕು.

ಇದರ ‘ಸುಧಾರಿಸಿದ’ ಅವತಾರವು ಈಗ ಬಂದಿದೆ. ಕರೆಯ ಬದಲು ಆ್ಯಪ್. ಖಾತೆ ತೆರೆಯಬೇಕು, ಗುಪ್ತಪದ ಬೇಕು, ಆ ಗುಪ್ತಪದವು ಮರೆತರೆ ಓಟಿಪಿ ಬೇಕು. ಗುಂಡಿಯನ್ನು ಒತ್ತಿದರೆ ಆ ಆಜ್ಞೆಯು ಮೊದಲು ದೂರದ ಯಾವದೋ ನಗರದ ಸರ್ವರಿಗೆ ಹೋಗಿ, ಅಲ್ಲಿ ಅಪ್ಪಣೆ ಪಡೆದು, ತಿರುಗಿ ಕೃಷ್ಣೆಯ ದಂಡೆಗೆ ಬರಬೇಕು. ನಮ್ಮ ಮನೆತನದ ಹೊಲಕ್ಕೆ ಇಂಥದೊಂದನ್ನು ಕೂಡ್ರಿಸಿದ ಎರಡನೆಯ ವರುಷದಲ್ಲಿ ಆ್ಯಪಿಗೆ ಹೊಸ ಆವೃತ್ತಿಯು ಬಂದಿತು. ತಮ್ಮನ ಫೋನಿನಲ್ಲಿ ಅದು ತೆರೆಯಲೊಲ್ಲದು. ಮೋಟರು ನೆಟ್ಟಗಿತ್ತು, ಪೆಟ್ಟಿಗೆ ನೆಟ್ಟಗಿತ್ತು, ಫೋನೂ ನೆಟ್ಟಗಿತ್ತು. ಮಾರಿದವನನ್ನು ಕೇಳಿದರೆ, “ಫೋನ್ ಹಳೇದಾತ್ರೀ, ಹೊಸಾದು ತಗೋರಿ” ಎಂಬ ಉತ್ತರ. ಕಬ್ಬಿಗೆ ನೀರು ಬಿಡಬೇಕಾದ ರಾತ್ರಿ ತಮ್ಮನು ಮತ್ತೆ ಕಂದೀಲು ಹಿಡಿದು ನದಿಗೆ ನಡೆದನು. ಯಾವ ಭಾಗವೂ ಸವೆಯದೆ, ಮುರಿಯದೆ, ಸುಡದೆ ಯಂತ್ರವೊಂದು ಸತ್ತುಹೋಗುವ ಈ ಹೊಸ ಬಗೆಯ ಮರಣವನ್ನು ನಮ್ಮ ಹಿರಿಯರು ಕಂಡಿರಲಿಲ್ಲ.

ಇದಕ್ಕೆ ಪೂರ್ವಪಕ್ಷವನ್ನು ನ್ಯಾಯವಾಗಿ ಹೇಳಬೇಕಾದದ್ದು ಧರ್ಮ. ತರುಣ ಎಂಜಿನಿಯರರು ಹೇಳುವದೇನಂದರೆ: “ಸ್ಮೃತಿಯು ಅಗ್ಗ, ಮನುಷ್ಯನ ವೇಳೆಯು ತುಟ್ಟಿ. ಸಿದ್ಧವಾಗಿರುವ ದೊಡ್ಡ ದೊಡ್ಡ ಭಾಗಗಳನ್ನು ತಂದು ಜೋಡಿಸಿದರೆ ಆರು ತಿಂಗಳ ಕೆಲಸವು ಆರು ವಾರಗಳಲ್ಲಿ ಆಗುವದು. ನಾಲ್ಕು ಕಿಲೋಬೈಟು ಉಳಿಸಲು ಹೆಣಗುವದು ಮುದುಕರ ಹಟ.” ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳೆವು. ಆದರೆ ಯಾರ ವೇಳೆ, ಯಾರ ಹಣವೆಂಬುದನ್ನು ಅವರು ಹೇಳುವದಿಲ್ಲ. ಒಂದು ಲಕ್ಷ ಪೆಟ್ಟಿಗೆಗಳನ್ನು ಮಾರುವ ಕಂಪನಿಯು ತನ್ನ ಬರೆಹಗಾರನ ಕೆಲವು ತಿಂಗಳ ಸಂಬಳವನ್ನು ಒಮ್ಮೆ ಉಳಿಸಿತು. ದೊಡ್ಡ ಚಿಪ್ಪಿನ ಬೆಲೆ, ಹೆಚ್ಚಿನ ವಿದ್ಯುತ್ತು, ಬೇಗನೆ ಬತ್ತುವ ಬ್ಯಾಟರಿ, ಮೂರು ವರುಷಕ್ಕೊಂದು ಹೊಸ ಫೋನು, ಇವನ್ನು ಲಕ್ಷ ಮನೆಗಳು ಲಕ್ಷ ಸಾರೆ ತೆತ್ತವು. ಒಬ್ಬನ ಉಳಿತಾಯಕ್ಕೆ ಲಕ್ಷ ಜನರ ದಂಡ. ಇದನ್ನು ಮಿತವ್ಯಯವೆಂದು ಯಾವ ಅರ್ಥಶಾಸ್ತ್ರವು ಕರೆದೀತು?

ಸಿದ್ಧಭಾಗಗಳನ್ನು ತರುವದರಲ್ಲಿಯೂ ಒಂದು ವಿವೇಕವು ಬೇಡವೇ? ಒಂದು ದೀಪವನ್ನು ಹಚ್ಚಿ ಆರಿಸುವ ಕೆಲಸಕ್ಕೆ ಇಡಿಯ ಒಂದು ಕಾರ್ಯಾಚರಣ ವ್ಯವಸ್ಥೆ, ಅದರ ಮೇಲೆ ಇನ್ನೊಂದು ಭಾಷೆಯ ಅರ್ಥ ಮಾಡುವ ದುಭಾಷಿ, ಅದರ ಮೇಲೆ ಜಾಲಪುಟವನ್ನು ಚಿತ್ರಿಸುವ ಸರಂಜಾಮು. ಒಂದು ಹೊರೆ ಹುಲ್ಲು ತರಲು ಎರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರನ್ನು ಹೂಡಿದಂತೆ. ಅಥಣಿಯ ಚಪ್ಪಲಿ ಹೊಲೆಯುವ ಕುಶಲನು ಕಾಲಿನ ಅಳತೆ ತೆಗೆದು ತೊಗಲನ್ನು ಕತ್ತರಿಸುವನು. ತೊಗಲು ಅಗ್ಗವಾಯಿತೆಂದು ಮೊಳದುದ್ದದ ಚಪ್ಪಲಿಯನ್ನು ಹೊಲೆದು ಕಾಲನ್ನು ಬೆಳೆಯಿಸಿಕೊಳ್ಳಿರೆಂದು ಹೇಳಲಾರನು.

ಕೊಬ್ಬು ಬರಿಯ ಭಾರವಾಗಿದ್ದರೆ ಸಹಿಸಬಹುದಿತ್ತು. ಅದು ಕೊಲ್ಲುವದೂ ಉಂಟು. ೧೯೯೬ರ ಜೂನ್ ೪ರಂದು ಐರೋಪ್ಯರ ಏರಿಯನ್-೫ ಎಂಬ ರಾಕೆಟ್ಟು ತನ್ನ ಮೊದಲ ಹಾರಾಟದಲ್ಲಿಯೇ, ಮೇಲೇರಿದ ಮುಕ್ಕಾಲು ನಿಮಿಷದೊಳಗೆ ಚೂರುಚೂರಾಯಿತು. ಹಿಂದಿನ ಏರಿಯನ್-೪ಕ್ಕಾಗಿ ಬರೆದ ಒಂದು ತಂತ್ರಾಂಶವನ್ನು ಇದಕ್ಕೂ ಹಾಗೆಯೇ ಇರಿಸಿದ್ದರು. ದೊಡ್ಡ ಸಂಖ್ಯೆಯೊಂದನ್ನು ಅದು ಚಿಕ್ಕ ಸ್ಥಳದಲ್ಲಿ ತುರುಕಲು ಹೋಗಿ ತಪ್ಪಿತು. ಸೋಜಿಗವೇನಂದರೆ, ಆ ಗಣಿತವು ಏರಿಯನ್-೫ಕ್ಕೆ ಮೇಲೇರಿದ ನಂತರ ಬೇಕಾಗಿರಲೇ ಇಲ್ಲ. ಬೇಡದ ಬರೆವಣಿಗೆಯು ಸುಮ್ಮನೆ ಓಡುತ್ತಿತ್ತು. ಓಡುತ್ತ ರಾಕೆಟ್ಟನ್ನೇ ತಿಂದಿತು. ಇನ್ನೊಂದು ದೃಷ್ಟಾಂತವು ಮೋಟರುಗಾಡಿಯದು. ಫ್ಲ್ಯಾಶ್ ಎಂಬ ಸ್ಮೃತಿಯು ಒಂದು ಬಗೆಯ ಪಾಟಿ. ಕೆಲವು ಸಾವಿರ ಸಾರೆ ಬರೆದು ಅಳಿಸಿದರೆ ಸವೆದುಹೋಗುವದು. ಟೆಸ್ಲಾ ಕಂಪನಿಯ ಕೆಲವು ಗಾಡಿಗಳಲ್ಲಿ ತಂತ್ರಾಂಶವು ನಿತ್ಯವೂ ಈ ಪಾಟಿಯ ಮೇಲೆ ಬರೆಯುತ್ತಲೇ ಇದ್ದುದರಿಂದ ಅದು ಸವೆದು, ಮುಂದಿನ ಪರದೆಯೂ ಹಿಂದೆ ನೋಡುವ ಕ್ಯಾಮರಾವೂ ಕುರುಡಾದವು. ೨೦೨೧ರಲ್ಲಿ ಸುಮಾರು ೧,೩೫,೦೦೦ ಗಾಡಿಗಳನ್ನು ಕಂಪನಿಯು ತಿರುಗಿ ಕರೆಯಿಸಬೇಕಾಯಿತು. ಚಕ್ರಗಳು ಸವೆಯುವ ಮೊದಲೇ ಲೆಕ್ಕದ ವಹಿಯು ಸವೆದ ಗಾಡಿ!

ಇದಕ್ಕೆ ಎದುರಾಗಿ ಅಮೇರಿಕದವರು ೧೯೭೭ರಲ್ಲಿ ಹಾರಿಬಿಟ್ಟ ವಾಯೇಜರ್ ನೌಕೆಯನ್ನಿಡೋಣ. ಅದರ ಗಣಕಗಳ ಸ್ಮೃತಿಯೆಲ್ಲವೂ ಕೂಡಿ ೭೦ ಕಿಲೋಬೈಟಿನಷ್ಟೂ ಇಲ್ಲ. ಇಂದು ಮದುವೆಯ ಆಮಂತ್ರಣದ ಒಂದು ಚಿತ್ರವೂ ಅದರಲ್ಲಿ ಹಿಡಿಯಲಾರದು. ೨೦೨೩ರ ನವೆಂಬರದಲ್ಲಿ ವಾಯೇಜರ್-೧ ಅರ್ಥವಿಲ್ಲದ ಅಂಕಿಗಳನ್ನು ಕಳಿಸತೊಡಗಿತು. ಒಂದು ಸ್ಮೃತಿಯ ಚಿಪ್ ಕೆಟ್ಟಿತ್ತು. ಆ ಚಿಪ್ಪಿನಲ್ಲಿದ್ದ ಬರೆವಣಿಗೆಯನ್ನು ತುಂಡು ತುಂಡಾಗಿ ಒಡೆದು ಬೇರೆ ಬೇರೆ ಮೂಲೆಗಳಲ್ಲಿ ಅಡಗಿಸಿ, ೨೦೨೪ರ ಏಪ್ರಿಲದಲ್ಲಿ ಅದನ್ನು ಮರಳಿ ಮಾತಾಡಿಸಿದರು. ಒಂದು ಆಜ್ಞೆಯು ಅಲ್ಲಿಗೆ ಮುಟ್ಟಲು ಇಪ್ಪತ್ತೆರಡು ತಾಸಿಗೂ ಹೆಚ್ಚು ಬೇಕು. ಇದು ಹೇಗೆ ಸಾಧ್ಯವಾಯಿತು? ಗ್ರಂಥವು ಚಿಕ್ಕದಾಗಿತ್ತು, ಅದನ್ನು ಆದ್ಯಂತವಾಗಿ ತಿಳಿಯುವದು ಮನುಷ್ಯನಿಗೆ ಶಕ್ಯವಿತ್ತು. ನಮ್ಮ ಹೊಲದ ಪೆಟ್ಟಿಗೆಯ ತಂತ್ರಾಂಶವನ್ನು ಆದ್ಯಂತವಾಗಿ ಬಲ್ಲವನೊಬ್ಬನಾದರೂ ಅದನ್ನು ಮಾಡಿದ ಕಂಪನಿಯಲ್ಲಿ ಇರುವನೇ ಎಂದು ನಮಗೆ ಸಂಶಯ.

ಪರದೇಶದ ಮಾತಿರಲಿ, ನಮ್ಮಲ್ಲಿಯೇ ಮೇಲ್ಪಂಕ್ತಿಯುಂಟು. ಬೆಂಗಳೂರಿನ ಭಾರತ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರವು ೧೯೮೨ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಗೆ ಬಂದು, ೨೦೦೪ರ ಲೋಕಸಭಾ ಚುನಾವಣೆಯಲ್ಲಿ ದೇಶವನ್ನೆಲ್ಲ ವ್ಯಾಪಿಸಿತು. ಅದಕ್ಕೆ ಜಾಲವಿಲ್ಲ, ಕಾರ್ಯಾಚರಣ ವ್ಯವಸ್ಥೆಯಿಲ್ಲ. ಬ್ಯಾಟರಿಯ ಮೇಲೆ ನಡೆಯುವದು. ಎಣಿಸುವ ಒಂದೇ ಕೆಲಸವನ್ನು ಮಾಡಿ ಸುಮ್ಮನಾಗುವದು. ಆ ಯಂತ್ರದ ಬಗೆಗೆ ರಾಜಕಾರಣದಲ್ಲಿ ನಡೆಯುವ ವಾದಗಳಿಗೆ ನಾವಿಲ್ಲಿ ಕೈ ಹಾಕುವದಿಲ್ಲ. ಅದರ ಮಿತವನ್ನಷ್ಟೇ ನೋಡುವೆವು. (ಮಿತವು ನಮ್ಮ ಜಿಲ್ಲೆಯವರಿಗೆ ಎಂದೂ ಒಗ್ಗದ ಗುಣವೆಂದು ಯಾರಾದರೂ ನಗಬಹುದು: ೧೯೯೬ರಲ್ಲಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ೪೫೬ ಜನ ಉಮೇದುವಾರರು ನಿಂತಿದ್ದರು. ಈಗಿನ ಮತಯಂತ್ರಕ್ಕೆ ಗರಿಷ್ಠವು ೩೮೪. ಆ ಕಾಲವು ಮರಳಿದರೆ ಮತ್ತೆ ಕಾಗದವೇ ಗತಿ.)

ಎಲ್ಲ ಬೆಳವಣಿಗೆಯೂ ಕೊಬ್ಬೆಂದು ನಾವು ಹೇಳುವವರಲ್ಲ. ಜಾಲಕ್ಕೆ ತೆರೆದ ಯಂತ್ರಕ್ಕೆ ಗೂಢಲಿಪಿಯ ಕೀಲಿ ಬೇಕು. ಕೀಲಿಗೆ ಸ್ಮೃತಿ ಬೇಕು. ಅದು ಮಾಂಸವೇ ಹೊರತು ಮೇದಸ್ಸಲ್ಲ. ಆದರೆ ಬೇಡದ ಬಾಗಿಲನ್ನು ಮೊದಲು ತೆರೆದಿಟ್ಟವರಾರು? ೨೦೧೬ರಲ್ಲಿ ಮಿರೈ ಎಂಬ ದುಷ್ಟ ತಂತ್ರಾಂಶವು ಲಕ್ಷಾಂತರ ಕ್ಯಾಮರಾ ಮೊದಲಾದ ಸಲಕರಣೆಗಳೊಳಗೆ ಹೊಕ್ಕು, ಅವುಗಳ ಮೂಲಕ ಅಮೇರಿಕದ ಪ್ರಮುಖ ಜಾಲತಾಣಗಳನ್ನು ಕೆಲವು ತಾಸು ಸ್ತಬ್ಧಗೊಳಿಸಿತು. ಅಂಗಡಿಯನ್ನು ಕಾಯಲೆಂದು ಕೊಂಡ ಕ್ಯಾಮರಾದಲ್ಲಿ, ದೂರದವನು ಬಂದು ಆಜ್ಞೆ ಮಾಡುವ ಟೆಲ್‌ನೆಟ್ ಎಂಬ ಬಾಗಿಲು ಯಾಕೆ ಇತ್ತು? ಸಿದ್ಧಭಾಗದೊಡನೆ ಬಂದಿತ್ತು; ತೆಗೆಯುವ ಶ್ರಮವನ್ನು ಯಾರೂ ತಕ್ಕೊಳ್ಳಲಿಲ್ಲ.

ಇನ್ನು ನಮ್ಮ ಸಂಘಕ್ಕೆ ನೇರವಾಗಿ ತಟ್ಟುವ ಮಾತೊಂದುಂಟು. ಈ ಯಂತ್ರಗಳ ಪುಟ್ಟ ಪರದೆಯ ಮೇಲೆ ಕನ್ನಡವೇಕಿಲ್ಲವೆಂದು ಕೇಳಿದರೆ, ಒತ್ತಕ್ಷರಗಳಿರುವ ಲಿಪಿಯಾದ್ದರಿಂದ ಬಹಳ ಸ್ಥಳ ಬೇಕೆಂದು ಉತ್ತರ ಬರುವದು. ಲೆಕ್ಕ ಹಾಕಿ ನೋಡೋಣ. ಒಂದೊಂದು ಅಕ್ಷರರೂಪವನ್ನು ೨೪ ಚುಕ್ಕೆ ಅಗಲ, ೨೪ ಚುಕ್ಕೆ ಎತ್ತರದ ಚೌಕದಲ್ಲಿ ಬಿಡಿಸಿದರೆ ೫೭೬ ಚುಕ್ಕೆ. ಬೈಟಿಗೆ ಎಂಟರಂತೆ ೭೨ ಬೈಟು. ಒತ್ತು, ಗುಣಿತ, ಅಂಕಿ ಎಲ್ಲ ಹಿಡಿದು ಸಾವಿರ ರೂಪಗಳನ್ನಿಟ್ಟರೂ ೭೨,೦೦೦ ಬೈಟು. ಮೇಲೆ ಹೇಳಿದ ಇಎಸ್‌ಪಿ-೩೨ರೊಡನೆ ಸಾಮಾನ್ಯವಾಗಿ ಬರುವ ಫ್ಲ್ಯಾಶ್ ಸ್ಮೃತಿಯು ೪ ಮೆಗಾಬೈಟು. ಎಂದರೆ ನೂರು ಪಾಲಿನಲ್ಲಿ ಎರಡು ಪಾಲನ್ನೂ ಕನ್ನಡವು ಬೇಡುವದಿಲ್ಲ. ಉಳಿದ ತೊಂಬತ್ತೆಂಟು ಪಾಲಿನಲ್ಲಿ ಯಾರಿಗೂ ಬೇಡದ ಸರಂಜಾಮಿಗೆ ಎಡೆಯುಂಟು. ‘ನೀರಿಲ್ಲ, ಮೋಟರು ನಿಂತಿದೆ’ ಎಂಬ ಎರಡು ಮಾತಿಗೆ ಎಡೆಯಿಲ್ಲ! ೨೦೦೧ರಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಸಿಂಪ್ಯೂಟರೆಂಬ ಅಂಗೈಗಣಕವನ್ನು ದೇಶಭಾಷೆಗಳಿಗಾಗಿಯೇ ಯೋಜಿಸಿದ್ದರು. ಅದರ ಸ್ಮೃತಿಯೂ ಇಂದಿನ ಫೋನಿನ ಮುಂದೆ ಹಿಡಿಯಷ್ಟು. ಸ್ಥಳದ ಅಭಾವವೆಂಬುದು ನೆಪ. ಇಚ್ಛೆಯ ಅಭಾವವೇ ನಿಜ.

ಹಳೆಯ ಕರೆಯ ಪೆಟ್ಟಿಗೆಯೂ ಎರಡನೆಯ ಪೀಳಿಗೆಯ ಮೋಬೈಲು ಜಾಲವನ್ನೇ ನಂಬಿದೆಯಲ್ಲವೆ, ಅದು ನಿಂತರೆ ನಿಮ್ಮ ಲಾಘವದ ಗತಿಯೇನೆಂದು ಕೇಳುವವರಿದ್ದಾರೆ. ಪ್ರಶ್ನೆಯು ಯುಕ್ತವೇ. ಆದರೂ ನಡೆದದ್ದನ್ನು ನೋಡಿರಿ: ಏರ್‌ಟೆಲ್ ಕಂಪನಿಯು ೨೦೨೦ರ ಹೊತ್ತಿಗೆ ಮೂರನೆಯ ಪೀಳಿಗೆಯ ಜಾಲವನ್ನು ಮುಚ್ಚಿ, ಅದಕ್ಕಿಂತ ಹಳೆಯದಾದ ಎರಡನೆಯದನ್ನು ಉಳಿಸಿಕೊಂಡಿತು. ಒಂದು ದಿನ ಅದೂ ನಿಂತರೆ ಸಿಮ್ ಕಾರ್ಡಿನ ಭಾಗವೊಂದನ್ನು ಬದಲಿಸಿದರಾಯಿತು; ಸ್ವರಗಳನ್ನು ಗುರುತಿಸಿ ರಿಲೇಯನ್ನೊತ್ತುವ ಗಣಕಕ್ಕೆ ಅದರಿಂದ ಬಾಧೆಯಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳು ದೊಡ್ಡವೇನೂ ಅಲ್ಲ. ಬೆಳಗಾವಿಯ ವಿಶ್ವವಿದ್ಯಾಲಯವೂ ಚಿಕ್ಕೋಡಿ, ನಿಪ್ಪಾಣಿಗಳ ಎಂಜಿನಿಯರಿಂಗ್ ಕಾಲೇಜುಗಳೂ ವಿದ್ಯಾರ್ಥಿಯ ಕ್ರಮವಿಧಿಗೆ ಅಂಕ ಕೊಡುವಾಗ, ಅದು ನಡೆಯಿತೇ ಎಂಬುದರ ಜೊತೆಗೆ ಎಷ್ಟು ಸ್ಮೃತಿಯಲ್ಲಿ ನಡೆಯಿತೆಂಬುದನ್ನೂ ಎಣಿಸಲಿ. ಎರಡು ಪರೀಕ್ಷೆಗಳಲ್ಲಿ ಹೀಗಾದರೆ ಮೂರನೆಯದರಲ್ಲಿ ಹುಡುಗರು ತಾವೇ ಲಾಘವವನ್ನು ಹುಡುಕುವರು. ಸಕ್ಕರೆ ಕಾರಖಾನೆಗಳೂ ಹಾಲಿನ ಸಂಘಗಳೂ ಕೃಷಿ ಪತ್ತಿನ ಸಹಕಾರಿ ಸಂಘಗಳೂ ಇಂಥ ಯಂತ್ರಗಳನ್ನು ಸಗಟಾಗಿ ಕೊಳ್ಳುವವರು. ಅವರ ಮಾತಿಗೆ ಕಂಪನಿಗಳು ಕಿವಿಗೊಡಲೇಬೇಕು. ಜಾಲವು ಇಲ್ಲದಾಗ ಈ ಯಂತ್ರವು ತನ್ನ ಮುಖ್ಯ ಕೆಲಸವನ್ನು ಮಾಡುವದೋ ಇಲ್ಲವೋ, ಕೈಯಿಂದ ಒತ್ತುವ ಗುಂಡಿಯು ಇದೆಯೋ ಇಲ್ಲವೋ, ಇಂದಿನ ಫೋನಿನಿಂದಲೇ ಇದು ಎಷ್ಟು ವರುಷ ನಡೆಯುವದು, ಕಂಪನಿಯು ಬಾಗಿಲು ಮುಚ್ಚಿದರೆ ಪೆಟ್ಟಿಗೆಯು ಬದುಕುವದೋ, ಪರದೆಯ ಮೇಲೆ ಕನ್ನಡವು ಬರುವದೋ ಎಂದು ಕೊಳ್ಳುವ ಮೊದಲು ಕೇಳಿ, ಉತ್ತರಗಳನ್ನು ಬರೆಯಿಸಿಕೊಳ್ಳಲಿ. ಬಿಡಿಯಾಗಿ ಕೊಳ್ಳುವ ಗೃಹಸ್ಥನೂ ಗ್ಯಾರಂಟಿ ಕಾರ್ಡಿನ ಬೆನ್ನ ಮೇಲೆ ಅಂಗಡಿಕಾರನ ಸಹಿಯೊಡನೆ ಇವನ್ನೇ ಕೇಳಲಿ. ಸಹಿ ಹಾಕಲೊಲ್ಲೆನೆಂದರೆ ಹಳೆಯ ಪೆಟ್ಟಿಗೆಯನ್ನೇ ರಿಪೇರಿಗೆ ಕೊಡುವದು ಲೇಸು. ನಮ್ಮ ಪೇಟೆಗಳಲ್ಲಿ ಬೆಸುಗೆಯ ಕಡ್ಡಿ ಹಿಡಿದು ಕೂಡುವವರು ಇನ್ನೂ ಇದ್ದಾರೆ.